ಸ್ವಂತ ಫಿಸಿಯೊಥೆರಪಿ ಕ್ಲಿನಿಕ್ ತೆರೆಯುತ್ತಿದ್ದೇನೆ: ಪೇಷೆಂಟ್‌ಗಳನ್ನು ನೀವು ಹೇಗೆ ನೋಡುತ್ತೀರಿ?

ಪ್ರಶ್ನೆ: ವಿಜಯನಗರದ ಫಿಸಿಯೊ

ಎಲ್ಲರಿಗೂ ನಮಸ್ಕಾರ. ಫಿಸಿಯೊಥೆರಪಿ ಪದವಿಯಾದ ಬಿ.ಪಿ.ಟಿ. ಮುಗಿಸಿ ಕೆಲವು ವರ್ಷ ಬೇರೆಯವರ ಕೈಕೆಳಗೆ ದುಡಿದ ಮೇಲೆ, ಈಗ ಬೆಂಗಳೂರಿನ ವಿಜಯನಗರದಲ್ಲಿ ಒಂದು ಪುಟ್ಟ ಮಳಿಗೆಯನ್ನು ಬಾಡಿಗೆಗೆ ಹಿಡಿದು ಸ್ವಂತ ಕ್ಲಿನಿಕ್ ಆರಂಭಿಸುತ್ತಿದ್ದೇನೆ. ಎರಡು ಮಂಚ, ಗೋಡೆಗೊಂದು ಪುಲ್ಲಿ, ನೋವು ತಗ್ಗಿಸಲು ಸಣ್ಣಗೆ ಕರೆಂಟ್ ಹರಿಸುವ ಒಂದು ಐ.ಎಫ್.ಟಿ. ಯಂತ್ರ, ಒಂದಿಷ್ಟು ರಬ್ಬರ್ ಬ್ಯಾಂಡು, ಸದ್ಯಕ್ಕೆ ಇಷ್ಟು ಸಾಕೆಂದುಕೊಂಡಿದ್ದೇನೆ. ನನ್ನ ಪ್ರಶ್ನೆ ಸಾಮಾನಿನ ಕುರಿತದ್ದಲ್ಲ.

ನಮ್ಮ ಊರಿನ ಅನೇಕ ಕ್ಲಿನಿಕ್ಕುಗಳಲ್ಲಿ ಕೆಲಸ ನಡೆಯುವ ಬಗೆ ನಿಮಗೆ ಗೊತ್ತಿರುವುದೇ. ಒಬ್ಬರ ಬೆನ್ನಿಗೆ ಹಾಟ್ ಪ್ಯಾಕ್ ಇಟ್ಟು, ಪರದೆಯಾಚೆ ಇನ್ನೊಬ್ಬರಿಗೆ ಕರೆಂಟ್ ಕೊಟ್ಟು, ಮೂರನೆಯವರನ್ನು ಪುಲ್ಲಿಯ ಮುಂದೆ ಕೂರಿಸಿ ಬಂದರೆ, ಒಬ್ಬೊಬ್ಬರೊಂದಿಗೆ ನಿಜವಾಗಿ ಕಳೆಯುವ ಹೊತ್ತು ಹತ್ತು ನಿಮಿಷವೂ ದಾಟುವುದಿಲ್ಲ. ಮೊದಲ ದಿನವೇ ಹತ್ತು ಸಿಟ್ಟಿಂಗಿನ ಪ್ಯಾಕೇಜ್ ಹೇಳಿ ಹಣ ಕಟ್ಟಿಸಿಕೊಳ್ಳುವುದೂ ರೂಢಿ. ಪೇಷೆಂಟ್‌ಗಳು ಇದಕ್ಕೆ ಎಷ್ಟು ಒಗ್ಗಿದ್ದಾರೆಂದರೆ, ಯಂತ್ರ ಮುಟ್ಟದೆ ವ್ಯಾಯಾಮ ಹೇಳಿಕೊಟ್ಟ ದಿನ "ಇವತ್ತು ಕರೆಂಟ್ ಇಡಲೇ ಇಲ್ವಲ್ಲ" ಎಂದು ಕೇಳಿಯೇ ಹೊರಡುತ್ತಾರೆ. ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಬಾಡಿಗೆ, ಸಂಬಳ, ಸಾಲದ ಕಂತು ಇರುವ ಕಡೆ ಹೀಗಾಗುವುದಕ್ಕೆ ಕಾರಣಗಳಿವೆ.

ಆದರೆ ಬಾಗಿಲಿನ ಮೇಲೆ ನನ್ನದೇ ಹೆಸರು ಬರೆಸುವಾಗ, ನೋವು ಹೊತ್ತು ಬಂದವರನ್ನು ಗೌರವದಿಂದ, ಅವರಿಗೆ ನಿಜವಾಗಿ ಉಪಯೋಗವಾಗುವಂತೆ ನೋಡಬೇಕೆಂಬ ಆಸೆ ಬಲವಾಗಿದೆ. ಮೊದಲ ಭೇಟಿಯಲ್ಲಿ ನೀವು ಏನು ಕೇಳುತ್ತೀರಿ, ಎಷ್ಟು ಹೊತ್ತು ಕೊಡುತ್ತೀರಿ, ಯಂತ್ರ ಬೇಕೆಂದು ಹಟ ಹಿಡಿಯುವವರಿಗೆ ಏನು ಹೇಳುತ್ತೀರಿ, ಮನೆಯಲ್ಲಿ ವ್ಯಾಯಾಮ ಮಾಡದೆ ಬರುವವರನ್ನು ಹೇಗೆ ಹಾದಿಗೆ ತರುತ್ತೀರಿ? ಪಠ್ಯದಲ್ಲಿರುವುದನ್ನು ಓದಿಕೊಂಡಿದ್ದೇನೆ, ನಿಮ್ಮ ನಿಮ್ಮ ಕ್ರಮ ಹೇಗೆಂದು ತಿಳಿಯಬೇಕಾಗಿದೆ. ಚಿಕಿತ್ಸೆ ಪಡೆದವರೂ ಬರೆದರೆ ಇನ್ನೂ ಒಳ್ಳೆಯದು.

ಉತ್ತರ: ಬಸವನಗುಡಿಯ ಥೆರಪಿಸ್ಟ್

ನಿಮ್ಮ ಹೊಸ ಕ್ಲಿನಿಕ್ಕಿಗೆ ಶುಭವಾಗಲಿ. ನನ್ನ ಕ್ರಮವನ್ನು ಹೇಳುತ್ತೇನೆ. ಎಲ್ಲರೂ ಹೀಗೆಯೇ ಮಾಡಬೇಕೆಂಬ ಹಟ ನನಗಿಲ್ಲ.

ಮೊದಲ ಭೇಟಿಗೆ ಮುಕ್ಕಾಲು ಗಂಟೆ ಮೀಸಲಿಡುತ್ತೇನೆ. ಬಂದವರು ಕೂತ ಕೂಡಲೇ ಎಂ.ಆರ್.ಐ. ಲಕೋಟೆಯನ್ನು ಮೇಜಿನ ಮೇಲಿಡುತ್ತಾರೆ. ನಾನು ಅದನ್ನು ಬದಿಗಿಟ್ಟು, "ಇದನ್ನು ಆಮೇಲೆ ಖಂಡಿತ ನೋಡುತ್ತೇನೆ, ಮೊದಲು ನೀವು ಹೇಳಿ" ಎನ್ನುತ್ತೇನೆ. ನೋವು ಎಲ್ಲಿ, ಯಾವಾಗಿನಿಂದ, ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂಬುದನ್ನೆಲ್ಲ ಕೇಳಲೇಬೇಕು, ನಿಜ. ಆದರೆ ನನಗೆ ಅತ್ಯಂತ ಉಪಯೋಗಕ್ಕೆ ಬಂದಿರುವ ಪ್ರಶ್ನೆ ಬೇರೆ: ಈ ನೋವು ಬಂದ ಮೇಲೆ ನೀವು ಮಾಡುವುದನ್ನು ಬಿಟ್ಟಿರುವ ಕೆಲಸ ಯಾವುದು? ಒಬ್ಬರು ಲಾಲ್‌ಬಾಗಿಗೆ ವಾಕಿಂಗ್ ಹೋಗುವುದನ್ನು ಬಿಟ್ಟಿರುತ್ತಾರೆ, ಇನ್ನೊಬ್ಬರು ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನು, ಮತ್ತೊಬ್ಬರು ಕೈ ಮೇಲೆತ್ತಿ ಜಡೆ ಹೆಣೆದುಕೊಳ್ಳುವುದನ್ನು. ಆ ಉತ್ತರವನ್ನು ಅವರ ಮಾತಿನಲ್ಲೇ ಫೈಲಿನ ಮೊದಲ ಸಾಲಿನಲ್ಲಿ ಬರೆದುಕೊಳ್ಳುತ್ತೇನೆ, ಮುಂದಿನ ಚಿಕಿತ್ಸೆಯನ್ನೆಲ್ಲ ಅದಕ್ಕೆ ಹೊಂದಿಸುತ್ತೇನೆ. ಗೋನಿಯೋಮೀಟರ್ ಹಿಡಿದು ಮಂಡಿ ಎಷ್ಟು ಡಿಗ್ರಿ ಬಾಗುತ್ತದೆ ಎಂದು ಅಳೆಯುವುದು ನಮ್ಮ ಕೆಲಸ, ಬಿ.ಎಂ.ಟಿ.ಸಿ. ಬಸ್ಸಿನ ಮೊದಲ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಲು ಆಗುತ್ತದೆಯೇ ಎಂಬುದು ಅವರ ಅಳತೆ. ನನ್ನ ಕ್ಲಿನಿಕ್ಕಿನಲ್ಲಿ ಬೇರೆ ಬೇರೆ ಎತ್ತರದ ಮರದ ಹಲಗೆಪೆಟ್ಟಿಗೆಗಳಿವೆ. ಅರ್ಧ ನಿಮಿಷದಲ್ಲಿ ಕೈಯೂರದೆ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತಾರೆಂದು ಎಣಿಸಿ ಬರೆದಿಡುವುದಕ್ಕೆ ಖರ್ಚೂ ಇಲ್ಲ. ಮೂರು ವಾರದ ನಂತರ ಆ ಸಂಖ್ಯೆ ಏರಿರುವುದನ್ನು ತೋರಿಸಿದಾಗ ಪೇಷೆಂಟಿಗೆ ಬರುವ ಧೈರ್ಯವನ್ನು ನಮ್ಮ ಯಾವ ಸಮಾಧಾನದ ಮಾತೂ ಕೊಡಲಾರದು.

ಇನ್ನು ನಾವಾಡುವ ಮಾತು. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕೆನಿಸುತ್ತದೆ. "ಬೆನ್ನುಮೂಳೆಯಲ್ಲಿ ಗ್ಯಾಪ್ ಬಂದಿದೆ", "ಡಿಸ್ಕ್ ಜಾರಿದೆ", "ಮಂಡಿ ಪೂರ್ತಿ ಸವೆದುಹೋಗಿದೆ" ಎಂಬ ಮಾತುಗಳು ನಮ್ಮ ಬಾಯಿಂದ ಸಲೀಸಾಗಿ ಹೊರಡುತ್ತವೆ. ಕೇಳಿದವರ ಮನಸ್ಸಿನಲ್ಲಿ ಅವು ವರ್ಷಗಟ್ಟಲೆ ಉಳಿಯುತ್ತವೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಒಬ್ಬ ತರುಣರು ನನ್ನಲ್ಲಿಗೆ ಬಂದಾಗ ಬೆನ್ನನ್ನು ಹಲಗೆಯಂತೆ ಬಿಗಿಹಿಡಿದಿದ್ದರು. ಚಪ್ಪಲಿಯನ್ನು ಕಾಲಿನ ಬೆರಳಿನಿಂದಲೇ ಕಳಚಿ, ಕುರ್ಚಿಯ ಎರಡೂ ತೋಳು ಹಿಡಿದು, ಉಸಿರು ಕಟ್ಟಿ ನಿಧಾನವಾಗಿ ಕೂತರು. ಇನ್ನು ಮುಂದೆ ಬಗ್ಗಲೇಬಾರದೆಂದು ಯಾರೋ ಹೇಳಿದ್ದರಂತೆ. ಅವರು ತಿಂಗಳುಗಳಿಂದ ನೆಲದ ಮೇಲಿನ ಒಂದು ವಸ್ತುವನ್ನೂ ಎತ್ತಿರಲಿಲ್ಲ. ಪರೀಕ್ಷಿಸಿದರೆ ಕಾಲಿನ ಶಕ್ತಿ, ಸ್ಪರ್ಶ, ರಿಫ್ಲೆಕ್ಸ್ ಎಲ್ಲವೂ ಸರಿಯಾಗಿದ್ದವು. ಮೊದಲು ಎರಡೂ ಅಂಗೈಗಳನ್ನು ಮಂಚದ ಮೇಲೆ ಊರಿ ಮುಂದಕ್ಕೆ ಬಾಗಿಸಿದೆ. ಬಳಿಕ ಸ್ಟೂಲಿನ ಎತ್ತರಕ್ಕೆ, ಆಮೇಲೆ ನೆಲದ ಮೇಲಿಟ್ಟ ಎತ್ತರದ ಪೆಟ್ಟಿಗೆಗೆ, ಪ್ರತಿ ಸಲವೂ ಉಸಿರನ್ನು ಬಿಡುತ್ತಾ. ಅಂದಿನ ಭೇಟಿಯ ಕೊನೆಗೆ ಅವರು ತಮ್ಮ ಬೈಕಿನ ಕೀಲಿಯನ್ನು ನೆಲದಿಂದ ತಾವೇ ಎತ್ತಿಕೊಂಡರು.

ಅವರಿಗೆ ನಾನು ಹೇಳಿದ ಅಂಕಿಅಂಶ ನಿಮಗೂ ಉಪಯೋಗವಾದೀತು. ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯ ಪ್ರಕಾರ, 20 ವರ್ಷ ವಯಸ್ಸಿನವರಲ್ಲೇ ಶೇ. 37ರಷ್ಟು ಮಂದಿಗೆ ಡಿಸ್ಕಿನ (ಬೆನ್ನುಮೂಳೆಗಳ ನಡುವಿನ ಮೆತ್ತೆಯ) ಸವೆತವೂ ಶೇ. 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿರುವುದೂ ಕಾಣುತ್ತದೆ. 80ರ ವಯಸ್ಸಿಗೆ ಸವೆತದ ಪ್ರಮಾಣ ಶೇ. 96ಕ್ಕೆ ಏರುತ್ತದೆ. ತಲೆಗೂದಲು ನೆರೆಯುವ ಹಾಗೆ ಇದೂ ವಯಸ್ಸಿನ ಗುರುತೇ ಆಗಿರಬಹುದು ಎಂದು ಶಾಂತವಾಗಿ ವಿವರಿಸಿದರೆ ಎಷ್ಟೋ ಜನರ ಮುಖದ ಬಿಗಿತ ಅಲ್ಲೇ ಸಡಿಲವಾಗುತ್ತದೆ. ಹಾಗೆಂದು "ನಿಮ್ಮ ನೋವು ಸುಳ್ಳು" ಎಂಬ ಧ್ವನಿ ಮಾತ್ರ ಬರಬಾರದು. ನೋವು ನಿಜವೇ, ಕಾರಣವನ್ನು ಚಿತ್ರ ನೋಡಿ ಮಾತ್ರ ಹೇಳಲಾಗದು, ಅಷ್ಟೆ.

ಮೈ ಮುಟ್ಟುವ ಮುನ್ನ ಎಲ್ಲಿ, ಏಕೆ ಮುಟ್ಟುತ್ತೇನೆಂದು ಹೇಳಿ ಒಪ್ಪಿಗೆ ಕೇಳುತ್ತೇನೆ, ಪ್ರತಿ ಸಲವೂ. ನಮ್ಮ ಹೆಣ್ಣುಮಕ್ಕಳು ಸಂಕೋಚದಿಂದ ಬೇಡ ಎನ್ನಲಾರರು, ಮುಂದಿನ ಸಲ ಸುಮ್ಮನೆ ಬಾರದೆ ಉಳಿಯುತ್ತಾರೆ. ಸೀರೆಯುಟ್ಟು ಬಂದವರಿಗೆ ಬದಲಾಯಿಸಿಕೊಳ್ಳಲು ಒಗೆದಿಟ್ಟ ಸಡಿಲ ಪೈಜಾಮ, ಹೊದೆಯಲು ಚಾದರ, ಜೊತೆಗೆ ಬಂದವರಿಗೆ ಪರದೆಯೊಳಗೇ ಒಂದು ಕುರ್ಚಿ ಇರಲಿ. ನೀವು ಗಂಡಸಾಗಿದ್ದರೆ ಇದನ್ನು ಇನ್ನೂ ಎಚ್ಚರದಿಂದ ಮಾಡಬೇಕು.

ಯಂತ್ರದ ವಿಷಯದಲ್ಲಿ ನನಗೆ ದ್ವೇಷವಿಲ್ಲ. ನೋವು ಸ್ವಲ್ಪ ಹೊತ್ತು ತಗ್ಗಿದರೆ ಆ ಹೊತ್ತಿನಲ್ಲಿ ವ್ಯಾಯಾಮ ಮಾಡಿಸಬಹುದು ಎಂಬ ಕಾರಣಕ್ಕೆ ಬಳಸುತ್ತೇನೆ, ಅದನ್ನು ಹಾಗೆಯೇ ಹೇಳುತ್ತೇನೆ. ಆದರೆ ಪೇಸ್‌ಮೇಕರ್ ಇದೆಯೇ, ಗರ್ಭಿಣಿಯೇ, ಕ್ಯಾನ್ಸರ್ ಚಿಕಿತ್ಸೆ ಆಗಿದೆಯೇ ಎಂದು ವಿಚಾರಿಸದೆ ಕರೆಂಟ್ ಇಡಬಾರದು. ಬೆಂಗಳೂರಿನಲ್ಲಿ ಸಕ್ಕರೆ ಕಾಯಿಲೆಯವರು ಎಷ್ಟೊಂದು ಮಂದಿ! ಅವರ ಪಾದದ, ಕಾಲಿನ ಸ್ಪರ್ಶ ಕುಂದಿರಬಹುದು. ಬಿಸಿ ತಣ್ಣಗೆ ತಿಳಿಯುತ್ತದೆಯೇ ಎಂದು ಪರೀಕ್ಷಿಸದೆ ಹಾಟ್ ಪ್ಯಾಕ್ ಇಟ್ಟರೆ ಚರ್ಮ ಸುಟ್ಟದ್ದು ಅವರಿಗೇ ಗೊತ್ತಾಗುವುದಿಲ್ಲ.

ಕೆಲವರನ್ನು ನೀವು ಮುಟ್ಟದೆ ಡಾಕ್ಟರ ಬಳಿಗೆ ಕಳಿಸಬೇಕು. ಬೆನ್ನುನೋವಿನ ಜೊತೆಗೆ ಮಲಮೂತ್ರದ ಹಿಡಿತ ತಪ್ಪಿದ್ದರೆ, ಮೂತ್ರವೇ ಕಟ್ಟಿದ್ದರೆ, ತೊಡೆಸಂದಿನ ಭಾಗ ಜೋಮು ಹಿಡಿದಂತಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಕಳಿಸಬೇಕು, ನಾಳೆಗೆ ಮುಂದೂಡುವಂತಿಲ್ಲ. ಆಪರೇಷನ್ ಆದವರ ಒಂದು ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೂ ತಡಮಾಡಬಾರದು. ಕಾರಣವಿಲ್ಲದೆ ತೂಕ ಇಳಿದಿದ್ದು ರಾತ್ರಿ ಮಲಗಿದಾಗಲೂ ನೋವು ಬಿಡುವುದಿಲ್ಲವೆಂದರೆ ತಪಾಸಣೆ ಆಗಲೇಬೇಕು. ಸಂಸತ್ತು 2021ರಲ್ಲಿ ಆರೋಗ್ಯ ಕ್ಷೇತ್ರದ ಸಹವೃತ್ತಿಗಳಿಗಾಗಿ ಮಾಡಿದ ಕಾಯ್ದೆ ಫಿಸಿಯೊಥೆರಪಿಯನ್ನೂ ಒಳಗೊಂಡಿದೆ; ಮನ್ನಣೆಯ ಜೊತೆಗೆ ಹೊಣೆಯೂ ಬರುತ್ತದೆ.

ಮನೆಯ ವ್ಯಾಯಾಮ ಮಾಡದಿರುವುದಕ್ಕೆ ಸೋಮಾರಿತನ ಕಾರಣವಾಗಿರುವುದು ಅಪರೂಪ. ಎಂಟು ವ್ಯಾಯಾಮಗಳ ಮುದ್ರಿತ ಹಾಳೆ ಕೊಟ್ಟರೆ ಯಾರೂ ಮಾಡುವುದಿಲ್ಲ. ಎರಡೇ ಎರಡು ಕೊಡಿ, ಅವರ ದಿನದೊಳಗೆ ಅದಕ್ಕೊಂದು ಜಾಗ ಹುಡುಕಿಕೊಡಿ. ಹಾಲು ಕಾಯುವವರೆಗೆ ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಯಾವ ಗೃಹಿಣಿಗೂ ಸಾಧ್ಯ. ನೋವಾದರೆ ನಿಲ್ಲಿಸಬೇಕೇ ಎಂದು ಎಲ್ಲರೂ ಕೇಳುತ್ತಾರೆ: ಮಾಡುವಾಗ ತುಸು ನೋವಾದರೂ ಮರುದಿನ ಅದೇ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಸಿ, ಇಳಿಯದಿದ್ದರೆ ಅರ್ಧಕ್ಕೆ ತಗ್ಗಿಸಿ ಎನ್ನುತ್ತೇನೆ.

ಉತ್ತರ: ರಾಜಾಜಿನಗರದ ಓದುಗರು

ನಾನು ವೈದ್ಯಕೀಯ ಕ್ಷೇತ್ರದವಳಲ್ಲ. ನನ್ನ ಅಮ್ಮನಿಗೆ ಮಂಡಿ ಬದಲಾವಣೆಯ ಆಪರೇಷನ್ ಆದಾಗ ಮನೆಗೆ ಬಂದ ಇಬ್ಬರು ಫಿಸಿಯೊಗಳನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲನೆಯವರು ಕೆಲಸ ಬಲ್ಲವರೇ ಇರಬಹುದು, ಆದರೆ ಅಮ್ಮನ ಕಾಲನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಫೋನ್ ನೋಡುತ್ತಿದ್ದರು. ಅವರು ಬರುವ ಹೊತ್ತಾದರೆ ಅಮ್ಮನಿಗೆ ಎದೆ ಡವಗುಟ್ಟುತ್ತಿತ್ತು.

ಎರಡನೆಯವರು ಬಂದು ಕೈ ತೊಳೆದುಕೊಂಡು ಅಮ್ಮನ ಎದುರು ಕೂತು, ನನ್ನನ್ನಲ್ಲ, ಅಮ್ಮನನ್ನೇ ಮಾತಾಡಿಸಿದರು. ವಯಸ್ಸಾದವರ ಬಗ್ಗೆ ಅವರ ಮುಂದೆಯೇ ಮಕ್ಕಳ ಜೊತೆ ಮಾತಾಡುವ ಅಭ್ಯಾಸ ಎಷ್ಟು ನೋಯಿಸುತ್ತದೆಂಬುದು ನನಗೆ ತಿಳಿದದ್ದು ಅಂದು ಅಮ್ಮನ ಮುಖ ಅರಳಿದ್ದನ್ನು ನೋಡಿದಾಗ. "ಅಮ್ಮಾ, ನೀವು ಸಾಕು ಎಂದ ತಕ್ಷಣ ನನ್ನ ಕೈ ನಿಲ್ಲುತ್ತದೆ" ಎಂದು ಮೊದಲೇ ಹೇಳಿದರು, ಹಾಗೆಯೇ ನಡೆದುಕೊಂಡರು. ವಿಚಿತ್ರವೆಂದರೆ ನಿಲ್ಲಿಸುತ್ತಾರೆಂಬ ಭರವಸೆ ಸಿಕ್ಕ ಮೇಲೆ ಅಮ್ಮ ಸಾಕು ಎನ್ನುವುದೇ ಕಡಿಮೆಯಾಯಿತು.

ನಾವೆಲ್ಲ ಮಂಡಿ ಎಷ್ಟು ಬಾಗುತ್ತದೆ ಎಂಬುದರ ಮೇಲೆಯೇ ಕಣ್ಣಿಟ್ಟಿದ್ದೆವು. ಅವರು ಮೊದಲು ಗಮನಿಸಿದ್ದು ಕಾಲು ಪೂರ್ತಿ ನೇರವಾಗುತ್ತದೆಯೇ ಎಂಬುದನ್ನು. ಹಿತವಾಗಿರಲೆಂದು ನಾವು ಮಂಡಿಯ ಕೆಳಗೆ ಇಡುತ್ತಿದ್ದ ದಿಂಬನ್ನು ತೆಗೆಸಿ, ಸುತ್ತಿದ ಟವೆಲನ್ನು ಹಿಮ್ಮಡಿಯ ಕೆಳಗೆ ಇಡಿಸಿದರು. ಮಂಡಿ ಮಡಿಸಿಕೊಂಡೇ ಉಳಿದರೆ ಮುಂದೆ ಕುಂಟು ನಡಿಗೆ ಆಗುತ್ತದೆಂದು ಅಮ್ಮನಿಗೆ ಅರ್ಥವಾಗುವಂತೆ ತಿಳಿಸಿದರು. ಬಚ್ಚಲಮನೆಗೆ ಹೋಗಿ ನೋಡಿ, ಕಮೋಡಿನ ಪಕ್ಕ ಹಿಡಿ ಹಾಕಿಸಲು, ಸ್ನಾನಕ್ಕೆ ಎತ್ತರದ ಸ್ಟೂಲು ತರಲು, ಕಾಲೊರಸನ್ನು ತೆಗೆದಿಡಲು ಹೇಳಿದರು. ಅಮ್ಮನ ಆಸೆ ದೇವರ ಮುಂದೆ ನೆಲದ ಮೇಲೆ ಕೂರುವುದಾಗಿತ್ತು. ಆಗುತ್ತದೆಂದು ಸುಳ್ಳು ಆಸೆ ಹುಟ್ಟಿಸದೆ, ಆಗುವುದಿಲ್ಲವೆಂದು ಬಾಯಿ ಮುಚ್ಚಿಸದೆ, ಸರ್ಜನ್ನರನ್ನು ಕೇಳಿ ತಿಳಿದುಕೊಂಡು, ಸದ್ಯಕ್ಕೆ ದೇವರ ಪೀಠವನ್ನೇ ಎತ್ತರಿಸಿ ಕುರ್ಚಿಯ ಮೇಲೆ ಕೂತು ಪೂಜೆ ಮಾಡುವಂತೆ ಏರ್ಪಾಟು ಮಾಡಿಸಿದರು. ಎಷ್ಟು ಹಣ, ಎಷ್ಟು ವಾರ ಎಂಬುದನ್ನು ಮೊದಲ ದಿನವೇ ಹೇಳಿದ್ದರು. ಅಮ್ಮ ಚೇತರಿಸಿಕೊಂಡಂತೆ ಭೇಟಿಗಳನ್ನು ಅವರೇ ಕಡಿಮೆ ಮಾಡಿದರು. ನಾವಿನ್ನೂ ಕೊಡಲು ಸಿದ್ಧರಿದ್ದೆವು.

ಉತ್ತರ: ಪೀಣ್ಯದ ಫಿಸಿಯೊ

ಬಸವನಗುಡಿಯ ಮೇಡಂ ಬರೆದದ್ದನ್ನು ಒಪ್ಪುತ್ತೇನೆ, ಆದರೆ ಮುಕ್ಕಾಲು ಗಂಟೆಯ ಮಾತು ಎಲ್ಲ ಕಡೆಯೂ ನಡೆಯುವುದಿಲ್ಲ. ನನ್ನಲ್ಲಿಗೆ ಬರುವವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಲೇತ್ ಯಂತ್ರದ ಮುಂದೆ ನಿಲ್ಲುವ ಕಾರ್ಮಿಕರು. ಅವರು ಒಂದು ಬೆಳಿಗ್ಗೆ ನನಗಾಗಿ ಬಿಟ್ಟರೆ ಒಂದು ದಿನದ ಕೂಲಿ ಹೋಗುತ್ತದೆ. ಇಂಥವರನ್ನು ಚೆನ್ನಾಗಿ ನೋಡಬೇಕೆಂದರೆ ಮೊದಲು ಕ್ಲಿನಿಕ್ಕಿನ ವೇಳೆಯನ್ನು ಬದಲಿಸಬೇಕು. ನಾನು ಶಿಫ್ಟ್ ಬಿಟ್ಟ ಮೇಲೆ ರಾತ್ರಿಯವರೆಗೂ, ಭಾನುವಾರ ಬೆಳಿಗ್ಗೆಯೂ ತೆರೆದಿರುತ್ತೇನೆ. ಪ್ಯಾಕೇಜ್ ಇಲ್ಲ, ಬಂದ ದಿನಕ್ಕೆ ಮಾತ್ರ ಹಣ. ದಿನಾ ಬನ್ನಿ ಎನ್ನುವ ಬದಲು ವಾರಕ್ಕೊಮ್ಮೆ ಕರೆಸಿ, ವ್ಯಾಯಾಮ ಮಾಡುವುದನ್ನು ಅವರದೇ ಫೋನಿನಲ್ಲಿ ವಿಡಿಯೊ ಮಾಡಿಕೊಡುತ್ತೇನೆ. ತೆರೆಯ ಮೇಲೆ ತಮ್ಮನ್ನೇ ನೋಡಿಕೊಂಡು ಮಾಡಿದರೆ ತಪ್ಪುವುದು ಕಡಿಮೆ. ಕನ್ನಡ ಬಾರದವರಿಗೆ ಅವರ ಭಾಷೆಯಲ್ಲೇ ಎಣಿಸಿ ಹೇಳುತ್ತೇನೆ. ಕಾರ್ಮಿಕರ ವಿಮೆಯ ಇ.ಎಸ್.ಐ. ಕಾರ್ಡ್ ಇದ್ದವರಿಗೆ ಇ.ಎಸ್.ಐ. ಆಸ್ಪತ್ರೆಯ ದಾರಿಯನ್ನೂ ಹೇಳುತ್ತೇನೆ. ಪೀಣ್ಯದಲ್ಲೂ ರಾಜಾಜಿನಗರದಲ್ಲೂ ಅದು ಇದೆ. ಅಲ್ಲಿ ಹಣ ಕೊಡದೆ ಆಗುವುದನ್ನು ನನ್ನಲ್ಲಿ ಹಣ ಕೊಟ್ಟು ಮಾಡಿಸಿಕೊಳ್ಳಬೇಕೇ ಎಂಬುದನ್ನು ತೀರ್ಮಾನಿಸಬೇಕಾದವರು ಅವರು.

ಹೊಲಿಗೆ ಯಂತ್ರದ ಮುಂದೆ ಕತ್ತು ಬಗ್ಗಿಸಿ ಇಡೀ ದಿನ ಕೂರುವವರಿಗೆ ಕತ್ತಿನ ವ್ಯಾಯಾಮ ಒಂದನ್ನೇ ಹೇಳಿ ಕಳಿಸಿದರೆ ಪ್ರಯೋಜನ ಕಡಿಮೆ. ಕುರ್ಚಿಯ ಎತ್ತರ, ಪೆಡಲಿನ ದೂರ, ಬಟ್ಟೆಯ ರಾಶಿ ಯಾವ ಕಡೆಗಿದೆ ಎಂಬುದನ್ನು ಕೇಳಿ, ಕ್ಲಿನಿಕ್ಕಿನಲ್ಲೇ ಕೂತು ತೋರಿಸಲು ಹೇಳುತ್ತೇನೆ. ಆಗಾಗ ಎರಡು ನಿಮಿಷ ಎದ್ದು ನಿಲ್ಲಲು ಅವಕಾಶ ಕೊಡಿರೆಂದು ಸೂಪರ್‌ವೈಸರ್‌ಗೆ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡುತ್ತೇನೆ. ಕೆಲವು ಕಡೆ ಅದಕ್ಕೆ ಬೆಲೆ ಸಿಕ್ಕಿದೆ.

ಫ್ರೋಜನ್ ಶೋಲ್ಡರ್ (ಭುಜ ನೋಯುತ್ತಾ ಬಿಗಿದುಕೊಂಡು ಕೈ ಎತ್ತಲಾಗದಂತಾಗುವ ತೊಂದರೆ) ಬಗ್ಗೆ ಒಂದು ಮಾತು, ಏಕೆಂದರೆ ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು, ನಿಮ್ಮಲ್ಲಿಗೂ ಬಂದೇ ಬರುತ್ತಾರೆ. ಭುಜ ಪೂರ್ತಿ ಸಡಿಲವಾಗಲು ಒಂದರಿಂದ ಮೂರು ವರ್ಷ ಹಿಡಿಯಬಹುದೆಂಬುದನ್ನು ಮೊದಲೇ ಹೇಳಿಬಿಡಿ. ಹತ್ತು ದಿನದಲ್ಲಿ ಸರಿಮಾಡುತ್ತೇನೆಂದು ತೋಳನ್ನು ಜಗ್ಗುವವರಿದ್ದಾರೆ; ನೋವು ಜೋರಾಗಿರುವ ಮೊದಲ ಹಂತದಲ್ಲಿ ಹಾಗೆ ಜಗ್ಗಿದರೆ ನೋವು ಇನ್ನೂ ಕೆರಳುತ್ತದೆ. ನಿಜ ಹೇಳಿದ್ದಕ್ಕೆ ಕೆಲವರು ಬೇರೆ ಕಡೆ ಹೋಗಿದ್ದಾರೆ, ಅವರಲ್ಲಿ ಅನೇಕರು ಮರಳಿ ಬಂದಿದ್ದಾರೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ವಿಜಯನಗರದ ಫಿಸಿಯೊ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾನುವಾರದ ವೇಳೆ, ವಿಡಿಯೊ, ಮೆಟ್ಟಿಲಿನ ಪೆಟ್ಟಿಗೆಗಳು ಇವನ್ನು ಮೊದಲ ದಿನದಿಂದಲೇ ಅಳವಡಿಸಿಕೊಳ್ಳುತ್ತೇನೆ. ಇನ್ನೊಂದು ಪ್ರಶ್ನೆ ಉಳಿದಿದೆ. ಪಾರ್ಶ್ವವಾಯುವಿನ ಪೇಷೆಂಟ್‌ಗಳ ಮನೆಯವರು "ಕೈ ಮೊದಲಿನಂತೆ ಆಗುತ್ತದೆಯೇ" ಎಂದು ಕೇಳಿದಾಗ ಏನು ಹೇಳಬೇಕು? ಬದಲಾವಣೆ ಕಾಣದೆಯೂ ತಿಂಗಳುಗಟ್ಟಲೆ ಹಣ ಕೊಡುತ್ತಲೇ ಇರುವ ಕುಟುಂಬಗಳಿಗೆ ಸಾಕು ಎಂದು ಯಾವಾಗ ಹೇಳಬೇಕು?

ಉತ್ತರ: ಬಸವನಗುಡಿಯ ಥೆರಪಿಸ್ಟ್

ಇದು ನಮ್ಮ ಕೆಲಸದಲ್ಲಿ ಅತ್ಯಂತ ಕಷ್ಟದ ಮಾತು. ಚೇತರಿಕೆ ಮೊದಲ ಕೆಲವು ತಿಂಗಳುಗಳಲ್ಲಿ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ಪೂರ್ತಿ ನಿಂತುಹೋಗುತ್ತದೆ ಎನ್ನುವಂತಿಲ್ಲ. ಇದನ್ನು ಹೀಗೆಯೇ ಹೇಳುತ್ತೇನೆ. ನೂರಕ್ಕೆ ನೂರು ಸರಿಹೋಗುತ್ತದೆಂಬ ಮಾತನ್ನು ನಾನು ಆಡುವುದಿಲ್ಲ, ಎಂದಿಗೂ ಆಗುವುದಿಲ್ಲ ಎಂದೂ ಹೇಳುವುದಿಲ್ಲ. ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಕಾಣಿಸಿಕೊಂಡಿದೆಯೇ ಎಂಬುದರ ಮೇಲೆ ನನ್ನ ಮಾತಿನ ತೂಕ ನಿಲ್ಲುತ್ತದೆ. ನಾಲ್ಕು ವಾರಕ್ಕೊಮ್ಮೆ ಕುಟುಂಬದವರನ್ನು ಕೂರಿಸಿಕೊಂಡು ಕಳೆದ ಸಲ ಬರೆದಿಟ್ಟ ಅಳತೆಯನ್ನೂ ಇಂದಿನದನ್ನೂ ಅವರ ಮುಂದೆಯೇ ಹೋಲಿಸುತ್ತೇನೆ. ಸತತ ಎರಡು ಸಲ ಬದಲಾವಣೆ ಇಲ್ಲದಿದ್ದರೆ ಗುರಿಯನ್ನೇ ಬದಲಿಸುತ್ತೇವೆ: ಆ ಕೈ ತುತ್ತು ಹಿಡಿಯದಿದ್ದರೂ ತಟ್ಟೆಯನ್ನು ಒತ್ತಿ ಹಿಡಿಯಬಹುದು, ಇನ್ನೊಂದು ಕೈಯಿಂದ ಅಂಗಿಯ ಗುಂಡಿ ಹಾಕಲು ಕಲಿಸಬಹುದು. ದಿನದ ಭೇಟಿಯನ್ನು ತಿಂಗಳ ಭೇಟಿಗೆ ಇಳಿಸುತ್ತೇನೆ. ಇನ್ನೊಬ್ಬರ ಅಭಿಪ್ರಾಯ ಬೇಕೆನಿಸಿದರೆ ನಿಮ್ಹಾನ್ಸ್‌ನ ನರರೋಗ ಪುನಶ್ಚೇತನ ವಿಭಾಗಕ್ಕೆ ಒಮ್ಮೆ ಕರೆದುಕೊಂಡು ಹೋಗಿರೆಂದು ನಾನೇ ಹೇಳುತ್ತೇನೆ.

ಭೇಟಿ ಕಡಿಮೆ ಮಾಡುವ ಮುನ್ನ ಮನೆಯಲ್ಲಿ ನೋಡಿಕೊಳ್ಳುವವರಿಗೆ, ಹೆಚ್ಚಿನ ಮನೆಗಳಲ್ಲಿ ಅದು ಹೆಂಡತಿ ಅಥವಾ ಸೊಸೆ, ಎಲ್ಲವನ್ನೂ ಕಲಿಸಿರಬೇಕು. ಹಾಸಿಗೆಯಿಂದ ಎಬ್ಬಿಸುವಾಗ ಬಲವಿಲ್ಲದ ತೋಳನ್ನು ಹಿಡಿದು ಎಳೆಯಬಾರದು, ಕಂಕುಳಿಗೆ ಕೈ ಹಾಕಿ ಎತ್ತಬಾರದು. ಭುಜದ ಕೀಲು ಸಡಿಲಗೊಂಡು ನೋವು ಶುರುವಾಗುವುದು ಹೆಚ್ಚಾಗಿ ಹೀಗೆಯೇ. ಸೊಂಟದ ಬೆಲ್ಟ್ ಅಥವಾ ಗಟ್ಟಿ ಟವೆಲ್ ಹಿಡಿದು ಎಬ್ಬಿಸುವುದನ್ನು ನನ್ನ ಎದುರೇ ಅವರಿಂದ ಮಾಡಿಸಿ ನೋಡುತ್ತೇನೆ. ಜೊತೆಗೆ ಅವರ ಬೆನ್ನು ಹೇಗಿದೆ, ರಾತ್ರಿ ನಿದ್ದೆಯಾಗುತ್ತದೆಯೇ ಎಂದೂ ಕೇಳಿ. ಆ ಮನೆಯಲ್ಲಿ ಅವರನ್ನು ಹಾಗೆ ಕೇಳಿದ ಮೊದಲಿಗರು ನೀವೇ ಆಗಿರುವ ಸಾಧ್ಯತೆ ಹೆಚ್ಚು. ಕೊನೆಗೆ ಒಂದು ಹಾಳೆಯಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ದಿನಾ ಮಾಡಬೇಕಾದದ್ದು, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಓಡಬೇಕು ಎಂಬುದು, ನಿಮ್ಮ ಫೋನ್ ನಂಬರು, ಇಷ್ಟನ್ನು ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿ ಬನ್ನಿ.